ಸರೋವರ ದಾಟಿದ ಮೇಲೆ

ಸೈಮಾ ಅಕ್ಕ,

ಮಿಲ್ಲಿಗೆ ಹೊರಟೆ. ನಿನ್ನನ್ನು ಎಬ್ಬಿಸಲು ಮುಖವಿರಲಿಲ್ಲ. ಒಲೆಯ ಮೇಲೆ ಮೀನಿನ ಸಾರಿದೆ, ಅಪ್ಪನಿಗೆ ಬಿಸಿ ಮಾಡಿ ಕೊಡು. ಮಾತ್ರೆ ಊಟವಾದ ಮೇಲೆ. ಭುಜದ ಪಟ್ಟಿ ಬಿಚ್ಚುತ್ತೇನೆಂದು ಹಟ ಹಿಡಿದರೆ ಬಿಡಬೇಡ.

ಆದರೆ ಬೈಯಬೇಡ. "ಈ ವಯಸ್ಸಲ್ಲಿ, ಈ ಹಿಮದಲ್ಲಿ ಬೈಕ್ ಓಡಿಸೋಕೆ ನಿಮಗೇನು ತಲೆ ಕೆಟ್ಟಿತ್ತಾ ಅಪ್ಪಾ" ಅಂತ ನಿನ್ನೆ ರೇಗಿದೆಯಲ್ಲ, ಓಡಿಸುತ್ತಿದ್ದವನು ನಾನು. ಅಪ್ಪ ಹಿಂದೆ ಕೂತಿದ್ದರು.

ಮೀನು ಹಿಡಿದುಕೊಂಡು, ಹೆಪ್ಪುಗಟ್ಟಿದ ಸರೋವರದ ಮೇಲೆ ವಾಪಸ್ ಬರುವಾಗ ಒಮ್ಮೆಯೂ ಜಾರಲಿಲ್ಲ. ಟೈರಿಗೆ ಹೊಡೆದ ಸ್ಕ್ರೂಗಳು ಮಂಜುಗಡ್ಡೆಯನ್ನು ಕಚ್ಚಿ ಹಿಡಿದಿದ್ದವು. ಅದೇ ಜಂಬದಲ್ಲಿ ಪೆಟ್ರೋಲ್ ಬಂಕಿನೊಳಗೆ ತಿರುಗಿಸಿದೆ. ಅಲ್ಲಿ ಹಿಮ ತೆಗೆದು ನೆಲ ಒಣಗಿತ್ತು. "ಇಳಿದು ತಳ್ಕೊಂಡು ಹೋಗೋ, ಬರೀ ಸಿಮೆಂಟಲ್ಲಿ ಸ್ಕ್ರೂ ಹಿಡಿಯಲ್ಲ" ಅಂದರು ಅಪ್ಪ. ನಾನು ಕೇಳಲಿಲ್ಲ. ಬಿದ್ದೆವು.

ಆಸ್ಪತ್ರೆಯಲ್ಲಿ ನರ್ಸ್ ವಿಚಾರಿಸಿದಾಗ, "ನಾನೇ ಓಡಿಸ್ತಿದ್ದೆ" ಅಂದುಬಿಟ್ಟರು ಅಪ್ಪ. ನಾನು ಅವರ ಹೆಲ್ಮೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದೆ, ತುಟಿ ಬಿಚ್ಚಲಿಲ್ಲ. ನೀನು ಬೈಯುವಾಗಲೂ ಅಷ್ಟೇ.

ಬೈಕಿನ ಕೀ ಈ ಚೀಟಿಯ ಕೆಳಗಿದೆ. ಎಲ್ಲಾದರೂ ಬಚ್ಚಿಡು. ಎಲ್ಲಿ ಅಂತ ಅಪ್ಪನಿಗೆ ಬೇಕಾದರೆ ಹೇಳು, ನನಗೆ ಹೇಳಬೇಡ.

ಟೋವೊ