ಊದಿದ ಕಣ್ಣಿಗೆ ಸರಿಯಾದ ಕ್ರಿಯಾಪದ

ಪಾಠದ ಕೋಣೆ
ಗುರುವಾರ, ಹದಿನಾಲ್ಕನೇ ತಾರೀಕು

ಒಂದು ಪುಟವನ್ನೂ ತಪ್ಪಿಲ್ಲದೆ ಬರೆಯಲಾರದ ನನ್ನ ಪುಟ್ಟಿಗೆ, ಅಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರ ಕೈಸೇರಿತು. ಇಂಗ್ಲಿಷಿನಲ್ಲೇ ಬರೆದಿದ್ದೀಯ, ಅಷ್ಟರ ಮಟ್ಟಿಗೆ ಸಂತೋಷ. ಕನ್ನಡದಲ್ಲಿ ಬರೆದರೆ ಓದುವುದೇ ಇಲ್ಲ ಎಂದು ನೀನು ಹಾಸ್ಟೆಲಿಗೆ ಹೊರಟ ದಿನವೇ ಹೇಳಿದ್ದೆನಲ್ಲ. ಉತ್ತರ ಮಾತ್ರ ನಾನು ಕನ್ನಡದಲ್ಲಿ ಬರೆಯುತ್ತೇನೆ. ತಿದ್ದುಪಡಿ ಮನೆಮಾತಿನಲ್ಲಿದ್ದರೇ ನಿನ್ನಂಥವರ ತಲೆಗೆ ಹತ್ತುವುದು. ಗಂಡನ ಮನೆ ಬಿಟ್ಟು ಬಂದಿದ್ದೀಯ, ಆರು ತಿಂಗಳ ಬಸುರಿ, ಗೆಳತಿಯ ಮಹಡಿ ಕೋಣೆಯಲ್ಲಿದ್ದೀಯ, ಅವಳ ಗಂಡ ತಿಂಗಳ ಕೊನೆಗೆ ವಾಪಸು ಬಂದರೆ ನಿನಗೆ ಜಾಗವಿಲ್ಲ, ಅಮ್ಮನ ಮನೆಗೆ ಬರಲೇ ಎಂದು ಕೇಳಿದ್ದೀಯ. ವಿಷಯ ತಿಳಿಯಿತು. ಮೊದಲು ತಪ್ಪುಗಳನ್ನು ನೋಡೋಣ.

'ಮೈ ಸ್ಟಮಕ್ ಈಸ್ ಇನ್‌ಕ್ರೀಸಿಂಗ್' ಎಂದು ಶುರು ಮಾಡಿದ್ದೀಯ. ರಾಮರಾಮಾ! ಇನ್‌ಕ್ರೀಸ್ ಆಗುವುದು ಅಳೆಯುವಂಥದ್ದು, ಎಣಿಸುವಂಥದ್ದು: ತೂಕ, ಬೆಲೆ, ವೇಗ, ಮಕ್ಕಳ ಸಂಖ್ಯೆ. ಹೊಟ್ಟೆ ಗ್ರೋ ಆಗುತ್ತದೆ. ಉಗುರು, ಕೂದಲು, ಕಳೆ, ಕೂಸು, ಜೀವವಿರುವುದೆಲ್ಲ ಗ್ರೋ. ಏಳನೇ ತರಗತಿಯಲ್ಲಿ ಇದನ್ನು ನಿನಗೆ ನೂರು ಸಲ ಬರೆಸಿದ್ದೆ, ಬೆರಳಿಗೆ ಬೊಬ್ಬೆ ಬಂದಿತ್ತು. ಬೊಬ್ಬೆ ಉಳಿಯಿತೇ ಹೊರತು ಪಾಠ ಉಳಿಯಲಿಲ್ಲ ನೋಡು.

'ಹಿಸ್ ಆಂಗರ್ ಈಸ್ ಎಕ್ಸ್‌ಪ್ಯಾಂಡಿಂಗ್ ಎವರಿ ಡೇ.' ಕಾದ ಕಬ್ಬಿಣ ಎಕ್ಸ್‌ಪ್ಯಾಂಡ್ ಆಗುತ್ತದೆ, ಒಂದು ಅಂಗಡಿ ಮೂರು ಅಂಗಡಿಯಾದರೆ ಎಕ್ಸ್‌ಪ್ಯಾಂಡ್ ಆಯಿತು ಎನ್ನುತ್ತಾರೆ. ಸಿಟ್ಟಿಗೆ ಅದು ಸಲ್ಲದು. ಅದೂ ಅಲ್ಲದೆ ನಿನ್ನದು ಕಡ್ಡಿಯನ್ನು ಗುಡ್ಡ ಮಾಡುವ ಬುದ್ಧಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಇನ್ನು, 'ಮೈ ಲೆಫ್ಟ್ ಐ ವಾಸ್ ಎನ್‌ಲಾರ್ಜ್‌ಡ್ ಫಾರ್ ಎ ವೀಕ್.' ಇದನ್ನು ಓದಿ ನಕ್ಕುಬಿಟ್ಟೆ ಕಣೇ, ಬೇಸರ ಮಾಡಿಕೊಳ್ಳಬೇಡ. ಎನ್‌ಲಾರ್ಜ್ ಮಾಡಿಸುವುದು ಫೋಟೋವನ್ನು. ಪೆಟ್ಟು ಬಿದ್ದ ಕಣ್ಣು, ಬಸುರಿಯ ಪಾದ, ನೀರು ಕುಡಿದ ಮರದ ಬಾಗಿಲು ಇವೆಲ್ಲ ಸ್ವೆಲ್ ಆಗುತ್ತವೆ. ಸ್ವೆಲ್, ಸ್ವೆಲ್‌ಡ್, ಸ್ವೋಲನ್. ಬಾಯಿಪಾಠ ಮಾಡು. ಆ ಕಣ್ಣನ್ನು ನಾನೂ ನೋಡಿದ್ದೆ. ನೀನು ಬಾಗಿಲಲ್ಲಿ ನಿಂತಿದ್ದೆ, ಒಳಗೆ ಹನ್ನೊಂದು ಮಕ್ಕಳು ಪಾಠಕ್ಕೆ ಕೂತಿದ್ದರು. ಹಿತ್ತಲ ಬಾಗಿಲಿಂದ ಬಾ ಎಂದು ಹೇಳಿ ಕಳಿಸಿದ್ದು ಅವರ ಮುಂದೆ ನಿನ್ನ ಮಾನ ಹೋಗದಿರಲಿ ಎಂದು. ನೀನು ಹಿತ್ತಲಿಗೆ ಬರಲೇ ಇಲ್ಲ. ನಿನ್ನಪ್ಪ ಇದ್ದಾಗ ನಾನೂ ಕಪ್ಪು ಕನ್ನಡಕ ಹಾಕಿಕೊಂಡು ಪಾಠ ಮಾಡಿದವಳೇ. ಕೇಳಿದವರಿಗೆ ಕಣ್ಣುಬೇನೆ ಅಂತಿದ್ದೆ. ಒಂದು ದಿನವೂ ರಜ ಹಾಕಲಿಲ್ಲ.

ನೀನು ಸರಿಯಾಗಿ ಬರೆದಿರುವುದು ಒಂದೇ ವಾಕ್ಯ: 'ಮೈ ಫಿಯರ್ ಈಸ್ ಗ್ರೋಯಿಂಗ್, ಅಮ್ಮಾ.' ಭಯಕ್ಕೆ ಗ್ರೋ ಸರಿ. ಅದಕ್ಕೆ ಪೂರ್ತಿ ಅಂಕ ಕೊಟ್ಟಿದ್ದೇನೆ.

ಈಗ ನನ್ನ ಸಮಾಚಾರ. ನನ್ನ ಪುಸ್ತಕ ಕೊನೆಗೂ ಅಚ್ಚಾಗುತ್ತಿದೆ! ಇಂಗ್ಲಿಷಿನಲ್ಲಿ ಬೆಳೆಯುವ, ಊದುವ, ಉಬ್ಬುವ, ಹೆಚ್ಚುವ ಕ್ರಿಯಾಪದಗಳು ಮತ್ತು ಅವುಗಳ ಬಳಕೆ, ಅಭ್ಯಾಸ ಸಹಿತ. ಮೂವತ್ತೊಂದು ವರ್ಷದ ಕೆಲಸ. ನಾಲ್ವರು ಪ್ರಕಾಶಕರು ಇಂಥದ್ದನ್ನು ಯಾರಮ್ಮ ಓದ್ತಾರೆ ಎಂದು ಮುಖದ ಮೇಲೆ ಹೊಡೆದ ಹಾಗೆ ಹಿಂತಿರುಗಿಸಿದ್ದರು. ಅಳಿಯಂದಿರು ತಾವೇ ಬಂದು, ಅತ್ತೇ, ನಮ್ಮದೇ ಪ್ರೆಸ್ ಇರುವಾಗ ಯಾರ ಹಂಗು ಯಾಕೆ ಅಂದರು. ಮೊದಲ ಕರಡನ್ನು ಅವರೇ ಕೂತು ತಿದ್ದುತ್ತಾರೆ, ಬೇರೆಯವರ ಕೈಗೆ ಕೊಡುವುದಿಲ್ಲ. ಪ್ರೆಸ್ಸಿನಲ್ಲಿ ಅವರನ್ನು ನೋಡಬೇಕು ನೀನು: ಅಚ್ಚಿನ ಮೊಳೆಯೊಂದು ಸರಿ ಕೂರದಿದ್ದರೂ ಎಷ್ಟು ಮೆಲ್ಲಗೆ ಎತ್ತಿ ಮತ್ತೆ ಕೂರಿಸುತ್ತಾರೆ! ಅಂಥವರ ಕೈ ನಿನ್ನ ಮೇಲೆ ಎದ್ದಿದೆಯೆಂದರೆ ನಿನ್ನ ಬಾಯಿ ಎಷ್ಟು ಉದ್ದವಿರಬೇಕು ಎಂದು ನನಗೆ ಗೊತ್ತು, ಹೆತ್ತವಳಲ್ಲವೇ. ಅವಳ ಸುದ್ದಿ ಏನಾದರೂ ಬಂತಾ ಅತ್ತೆ ಅಂತ ವಾರಕ್ಕೆರಡು ಸಲ ಕೇಳುತ್ತಾರೆ. ಮಾತೂ ಕಡಿಮೆಯಾಗಿದೆ, ಪಾಪ.

ಪುಸ್ತಕದಲ್ಲಿ ಒಂದೇ ಕೊರತೆ ಇತ್ತು. ಕೆಳಗಿನ ವಾಕ್ಯಗಳನ್ನು ಸರಿಪಡಿಸಿ ಎಂಬ ಅಭ್ಯಾಸಕ್ಕೆ ನಾನು ಎಷ್ಟು ಒದ್ದಾಡಿದರೂ ತಪ್ಪು ವಾಕ್ಯ ಬರೆಯಲು ಕೈ ಏಳುತ್ತಿರಲಿಲ್ಲ. ಬರೆದರೂ ಬೇಕೆಂದೇ ಮಾಡಿದ ತಪ್ಪು ಎಂದು ಗೊತ್ತಾಗುತ್ತಿತ್ತು. ಅಷ್ಟರಲ್ಲಿ ನಿನ್ನ ಕಾಗದ ಬಂತು. ಒಂಬತ್ತು ತಪ್ಪು ವಾಕ್ಯ, ಒಂಬತ್ತೂ ಅಪ್ಪಟ. ನಲವತ್ತೆರಡನೇ ಪುಟಕ್ಕೆ ಹೇಳಿ ಮಾಡಿಸಿದ ಹಾಗಿವೆ. ನಿನ್ನಿಂದ ಈ ಮನೆಗೆ ಒಂದು ಉಪಕಾರವಾಯಿತು ಎಂದು ಮೊದಲ ಸಲ ಅನ್ನಿಸಿತು.

ನೀನು ಇಲ್ಲಿಗೆ ಬರುವ ಮಾತು. ಒಳಕೋಣೆಯ ತುಂಬ ಪುಸ್ತಕಕ್ಕೆ ತಂದ ಕಾಗದದ ರೀಮುಗಳು ಸೂರಿನವರೆಗೆ ಕೂತಿವೆ, ತೇವ ತಾಗಬಾರದು. ಮುಂದಿನ ಕೋಣೆಯಲ್ಲಿ ಬೆಳಗೂ ಸಂಜೆಯೂ ಪಾಠ. ಅಲ್ಲಿ ನೀನು ಹೊಟ್ಟೆ ಹೊತ್ತು ನರಳುತ್ತಿದ್ದರೆ ಯಾವ ತಾಯಿ ಮಕ್ಕಳನ್ನು ಕಳಿಸಿಯಾಳು? ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಕಠಿಣವಾಗಿ ಹೇಳುತ್ತಿದ್ದೇನೆ ಎಂದು ನನಗೂ ಗೊತ್ತು. ಮೆತ್ತಗೆ ಹೇಳಿದ್ದು ನಿನಗೆ ಯಾವತ್ತು ಅರ್ಥವಾಗಿದೆ? ಹೆರಿಗೆ ನಿನ್ನ ಮನೆಯಲ್ಲೇ ಆಗಲಿ.

ವಿಳಾಸ ಯಾರಿಗೂ ಹೇಳಬೇಡ, ಅವರಿಗಂತೂ ಬೇಡವೇ ಬೇಡ, ಗೊತ್ತಾದರೆ ನನ್ನನ್ನು ಉಳಿಸುವುದಿಲ್ಲ ಎಂದು ಎರಡು ಸಲ ಅಡಿಗೆರೆ ಹಾಕಿ ಬರೆದಿದ್ದೀಯ. ಅಡಿಗೆರೆ ಒಂದೇ ಸಾಕು. ನಾನು ಯಾರ ಹತ್ತಿರವೂ ತುಟಿ ಬಿಚ್ಚಿಲ್ಲ, ನಿನ್ನಾಣೆ.

ಹಾಲು ಕುಡಿ. ಕಾಲು ಮೇಲಿಟ್ಟುಕೊಂಡು ಮಲಗು, ಊತ ಇಳಿಯುತ್ತದೆ.

ಇಂತಿ, ನಿನ್ನ ಒಳ್ಳೆಯದನ್ನೇ ಬಯಸುವ
ಅಮ್ಮ

ಮರೆತ ಮಾತು: ನಿನ್ನ ಕಾಗದವನ್ನು ಎಂದಿನಂತೆ ಕೆಂಪು ಗುರುತು ಹಾಕಿ ವಾಪಸು ಕಳಿಸುತ್ತಿಲ್ಲ. ಒಂಬತ್ತು ವಾಕ್ಯವನ್ನು ಮತ್ತೆ ಬರೆಯಲು ಬೆರಳು ನೋವು. ನಿನ್ನ ಹಾಳೆಯನ್ನೇ ಹಸ್ತಪ್ರತಿಗೆ ಅಂಟಿಸಿ ಮಂಗಳವಾರ ಪ್ರೆಸ್ಸಿಗೆ ಕೊಟ್ಟೆ. ಬಲಗಡೆ ಮೇಲ್ತುದಿಯಲ್ಲಿ ನಿನ್ನ ವಿಳಾಸವಿತ್ತು, ದರ್ಜಿ ಅಂಗಡಿಯ ಪಕ್ಕದ ಮೆಟ್ಟಿಲು ಎಂಬುದರ ಸಮೇತ. ನಿನ್ನೆ ಮಧ್ಯಾಹ್ನ ಅಳಿಯಂದಿರು ಕೆಲಸ ಅರ್ಧಕ್ಕೇ ಬಿಟ್ಟು, ಪ್ರೆಸ್ಸಿಗೆ ಬೀಗ ಹಾಕಿ ಹೊರಟರಂತೆ. ಈ ಕಾಗದಕ್ಕಿಂತ ಮುಂಚೆಯೇ ನಿನ್ನಲ್ಲಿಗೆ ಬಂದಿರುತ್ತಾರೆ. ಆ ತುದಿಯನ್ನು ಕತ್ತರಿಸಲು ಮರೆತುಬಿಟ್ಟೆ ಎಂದು ಬರೆಯೋಣ ಅಂದುಕೊಂಡಿದ್ದೆ. ಮರೆತಿರಲಿಲ್ಲ. ಕತ್ತರಿ ಕೈಯಲ್ಲೇ ಇತ್ತು.