ಹೊಲಿದಿಟ್ಟ ಕೊನೆಯ ಹಾಳೆ

ತಂಪೂರು,
ಶಾಲಿವಾಹನ ಶಕ ೨೩೧೨, ಎರಡನೆಯ ಶ್ರಾವಣದ ಮೂವತ್ತೊಂದನೆಯ ದಿನ

ನಮ್ಮ ಪುಸ್ತಕಕ್ಕೆ ಸೂಜಿ ಹಾಕಿದ ಪುಣ್ಯಾತ್ಮರಿಗೆ, ಬಾಳವ್ವ ಮಾಡುವ ಶರಣು.

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನಮ್ಮ ಮಾತೂ ನಿಮ್ಮ ಕಿವಿಗೆ ಒರಟಾದೀತು. ಊರ ಶಾಲೆಯಲ್ಲಿ ಕಲಿತಷ್ಟೇ ಅಕ್ಷರ ನನ್ನದು, ಹೊಟ್ಟೆಗೆ ಹಾಕಿಕೊಳ್ಳಿರಿ. ಊರಾಚೆಯ ಓಲೆಬಾವಿಗೆ ಹಾಕಿದ ಕಾಗದ ಹಿಂದಿನ ಕಾಲಕ್ಕೆ ಮುಟ್ಟುತ್ತದೆ ಎನ್ನುತ್ತಾರೆ. ಮುಟ್ಟಿತು ಎಂದು ತಿರುಗಿ ಹೇಳಿದವರಿಲ್ಲ. ಶಿವನ ಮೇಲೆ ಭಾರ ಹಾಕಿ ಬರೆಯುತ್ತಿದ್ದೇನೆ.

ನಮ್ಮದು ನೆಲದೊಳಗಿನ ಊರು. ಬೆಳಗಿನ ಎಂಟಕ್ಕೆ ಬಿಸಿಲುಗಂಟೆ ಹೊಡೆದರೆ ಮೇಲೆ ಯಾರೂ ಇರುವ ಹಾಗಿಲ್ಲ, ಬಿಸಿಲು ಜೀವ ತೆಗೆಯುತ್ತದೆ. ಹೊಲದವರು, ಎಮ್ಮೆಗಳು, ಎಲ್ಲ ಇಳಿಜಾರು ಹಿಡಿದು ಕೆಳಗೆ ಬರಬೇಕು. ಹಗಲೆಲ್ಲ ಒಳಗೆ ರೊಟ್ಟಿ ಬಡಿಯುವುದು, ಶೇಂಗಾ ಸುಲಿಯುವುದು, ಮಗ್ಗದ ಕೆಲಸ. ಆ ಹೊತ್ತಿನಲ್ಲಿ ಕೇಳಲು ಊರಿಗೆ ಒಂದೇ ಒಂದು ಕಾಗದದ ಪುಸ್ತಕವಿದೆ, ನಿಮ್ಮ ಕಾಲದ್ದು. ಅದನ್ನು ಓದುವವಳಿಗೆ ಓದವ್ವ ಎನ್ನುತ್ತೇವೆ. ಇಪ್ಪತ್ತು ವರ್ಷದಿಂದ ನಾನೇ ಓದವ್ವ. ನೇಕಾರ ಹೆಂಗಸೊಬ್ಬಳು ಮಗ್ಗ ಬಿಟ್ಟು ಸುಖ ಹುಡುಕುತ್ತ ಹೊರಡುವ ಕಥೆ ಅದು. ಸಾಹುಕಾರನನ್ನು ಕೇಳುತ್ತಾಳೆ, ಸನ್ಯಾಸಿಯನ್ನು ಕೇಳುತ್ತಾಳೆ, ಪಂಡಿತನನ್ನು ಕೇಳುತ್ತಾಳೆ. ಒಬ್ಬೊಬ್ಬರದೂ ಒಂದೊಂದು ಗೋಳು. ಕಡೆಗೆ ಅವಳಿಗೆ ಸುಖ ಸಿಕ್ಕಿತೇ ಎಂಬುದು ಕೊನೆಯ ಹಾಳೆಯಲ್ಲಿದೆ. ಆ ಹಾಳೆಯನ್ನು ಕೆಂಪು ದಾರದಿಂದ ರಟ್ಟಿಗೆ ಹೊಲಿದಿತ್ತು. ಅದನ್ನು ಕಂಡ ನಮ್ಮ ಹಿರಿಯರು, ಇದು ಬದುಕಿದ್ದವರಿಗಲ್ಲ ಎಂದು ತಿಳಿದರು. ಸಾಯುವವರ ಕಿವಿಯಲ್ಲಷ್ಟೇ, ದಾರ ಬಿಚ್ಚಿ ಓದಿ, ಮತ್ತೆ ಹೊಲಿಯುವುದು ಪದ್ಧತಿಯಾಯಿತು. ಹನ್ನೊಂದು ಮಂದಿಯ ಕಿವಿಯಲ್ಲಿ ನಾನು ಓದಿದ್ದೆ.

ಹೋದ ವರ್ಷ ನನ್ನ ತಂಗಿ ಹೊನ್ನವ್ವ ಗಂಡನನ್ನೂ ಮಗಳನ್ನೂ ಒಂದೇ ಜ್ವರದಲ್ಲಿ ಕಳೆದುಕೊಂಡು ನನ್ನ ಮನೆಗೆ ಬಂದಳು. ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ದಿನವೂ ನಾನು ತಾಟು ಹಾಕಿ, ಬಾ, ರೊಟ್ಟಿ ಆರುತ್ತದೆ ಎಂದು ಕರೆಯುತ್ತಿದ್ದೆ. ಬರುತ್ತಿದ್ದಳು, ತುತ್ತು ಇಳಿಯುತ್ತಿರಲಿಲ್ಲ. ಆ ಹಾಳೆ ಓದು ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಪದ್ಧತಿ ಹೇಳಿದೆ.

"ಹಂಗಾರ ನಾ ಸಾಯಾಕ ಬಿದ್ದಾಗ ಬಾರಕ್ಕ. ಆವಾಗರ ಪುರುಸೊತ್ತು ಮಾಡ್ಕೊ," ಎಂದು ನಕ್ಕಳು. ನಾನೂ ನಕ್ಕೆ.

ಮರುದಿನ ನಸುಕಿನಲ್ಲಿ ಅವಳ ಹಾಸಿಗೆ ಬರಿದಾಗಿತ್ತು. ಸುಖ ಎಲ್ಲಿಯಾದರೂ ಇರಬೇಕಲ್ಲ, ಕೇಳಿಕೊಂಡು ಬರುತ್ತೇನೆ ಎಂದು ಎಮ್ಮೆ ಹೊಡೆದುಕೊಂಡು ಹೋಗುವವರಿಗೆ ಹೇಳಿ, ಕಥೆಯ ಹೆಂಗಸಿನಂತೆಯೇ ಹೊರಟಿದ್ದಳು. ಬಿಸಿಲುಗಂಟೆಗೂ ನಿಲ್ಲಲಿಲ್ಲ. ಸಂಜೆ ಮಂದಿ ಹುಡುಕಿ ಹೊತ್ತು ತಂದರು; ಉಸಿರಿತ್ತು, ಅಷ್ಟೇ. ದಾರ ಬಿಚ್ಚಿ ಓದಿದೆ. ಅದರಲ್ಲಿರುವುದು ಇಷ್ಟು: ಏಳು ವರ್ಷದ ಮೇಲೆ ಆ ಹೆಂಗಸು ತಿರುಗಿ ಮನೆಗೆ ಬರುತ್ತಾಳೆ. ಸುಖ ಎಲ್ಲಿಯೂ ಸಿಗಲಿಲ್ಲ ಎನ್ನುತ್ತಾಳೆ. ಮನೆಯವರು, ಬಾ, ಊಟ ಆರುತ್ತದೆ ಎನ್ನುತ್ತಾರೆ.

ಹೊನ್ನವ್ವ ಕಣ್ಣು ತೆರೆದಳು. "ಇಷ್ಟ ಇತ್ತೇನಕ್ಕ? ಇದನ್ನ ನೀ ದಿನಾ ಅಂತಿದ್ದೆಲ್ಲ. ಮೊದಲ ಓದಿದ್ರ ನಾ ಯಾಕ ಹೋಗ್ತಿದ್ನಿ."

ಮತ್ತೆ ಮಾತಾಡಲಿಲ್ಲ.

ಮಣ್ಣು ಮಾಡಿ ಬಂದ ಐದನೆಯ ದಿನ, ರಟ್ಟಿನ ಮೇಲೆ ತಲೆತಲಾಂತರದಿಂದ ಕೂತಿದ್ದ ಕುಂಕುಮ ವಿಭೂತಿಯನ್ನು ಒರೆಸಿದೆ. ಅಡಿಯಲ್ಲಿ ನಿಮ್ಮ ದುಂಡು ಅಕ್ಷರ ಕಂಡಿತು: "ಕೊನೆಯ ಹಾಳೆ ಸಡಿಲ. ಉದುರದಂತೆ ಹೊಲಿದಿದೆ."

ನಿಮ್ಮ ಮೇಲೆ ಸಿಟ್ಟಿಲ್ಲ. ಪುಸ್ತಕ ಉಳಿಯಲೆಂದು ಹೊಲಿದಿರಿ. ಹಾಳೆಯಲ್ಲಿ ಏನಿದೆ ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವಳು ನಾನು. ಪೂಜೆಗೆ ಕೂತಾಗಲೆಲ್ಲ ಇದನ್ನೇ ಶಿವನಿಗೆ ಒಪ್ಪಿಸುತ್ತೇನೆ. ಆದರೂ ಕೈಮುಗಿದು ಕೇಳುತ್ತೇನೆ, ಆ ದಾರ ಹಾಕಬೇಡಿರಿ. ಹಾಳೆ ಉದುರಿದರೆ ಉದುರಲಿ. ಕಸ ಹೊಡೆಯುವಾಗ ಯಾರಾದರೂ ಎತ್ತಿಕೊಂಡು ಓದುತ್ತಾರೆ. ಆಗ ಈ ಕಾಗದ ಬರೆಯುವ ಪ್ರಸಂಗವೇ ಬರುವುದಿಲ್ಲ. ಈ ಹೊತ್ತಿಗೆ ಹೊನ್ನವ್ವ, ರೊಟ್ಟಿ ಆರಿತು ಏಳಕ್ಕ ಎಂದು ನನ್ನನ್ನೇ ಬಯ್ಯುತ್ತಿರುತ್ತಾಳೆ.