ಅರ್ಧ ಸ್ಟ್ರಿಪ್ ಮಾತ್ರೆ

ಜೂನ್ ೧೪, ಭಾನುವಾರ

ಮುದ್ದು ಪುಟ್ಟಿ,

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ, ಬೈಯಬೇಡ. ತಲೆನೋವು ನಿನ್ನಕ್ಕನನ್ನು ಮೂಲೆಗೆ ಕೂರಿಸಿತ್ತು. ಈಗ ಗುಂಡುಕಲ್ಲಿನ ಹಾಗಿದ್ದೇನೆ.

ಒಂದು ದಿನ ಹೊಲಿಗೆ ಅಂಗಡಿಯಲ್ಲಿ ಪಟ್ಟೆಪಟ್ಟೆ ಶರಟಿನ ಬಟ್ಟೆ ಕತ್ತರಿಸುತ್ತಿದ್ದೆ. ಗೆರೆಗಳೆಲ್ಲ ಕಣ್ಣ ಮುಂದೆ ಮಿಣಮಿಣ ಕುಣಿಯತೊಡಗಿದವು. ಹಟಕ್ಕೆ ಬಿದ್ದು ಮುಗಿಸಿದೆ. ನೋಡಿದರೆ ಎರಡೂ ಎಡಗೈ ತೋಳು! "ಗಿರಾಕಿಗೆ ಬಲಗೈಯೇ ಇಲ್ವೇನಮ್ಮಾ?" ಅಂದರು ಮಾಲೀಕರು. ನಗಲೂ ಆಗದೆ ತಲೆ ಹಿಡಿದು ಕೂತೆ. ಅವರೇ ಡಾಕ್ಟರ ಹತ್ತಿರ ಕಳಿಸಿದರು.

ಡಾಕ್ಟರಮ್ಮ ಬಿಡಿಸಿ ಹೇಳಿದರು: "ಇದು ನೆವ ಅಲ್ಲ, ಮೈಗ್ರೇನ್. ಮಿದುಳಲ್ಲಿ ಸೆರೊಟೋನಿನ್ ಅಂತ ಒಂದಿದೆ, ನರದಿಂದ ನರಕ್ಕೆ ಸುದ್ದಿ ಮುಟ್ಟಿಸುತ್ತೆ. ಅದು ಏರುಪೇರಾದಾಗ ನೋವಿನ ನರ ಕೆರಳುತ್ತೆ ಅಂತ ಕಾಣುತ್ತೆ. ಪೂರ್ತಿ ನಮಗೂ ಗೊತ್ತಿಲ್ಲ. ಈ ಮಾತ್ರೆ ಸೆರೊಟೋನಿನ್ ಥರಾನೇ ಕೆಲಸ ಮಾಡಿ ಆ ನರಾನ ಸುಮ್ಮನಾಗಿಸುತ್ತೆ." ಇಷ್ಟು ವರ್ಷ ತಲೆನೋವಿನ ನೆವ ಹೇಳುವ ಕೆಲಸಗಳ್ಳಿ ಅನ್ನಿಸಿಕೊಂಡವಳಿಗೆ ಆ ಮಾತೇ ಅರ್ಧ ಔಷಧಿ. ಮಾತ್ರೆ ನುಂಗಿದ ಮೇಲೆ ಸಂಜೆಗೆಲ್ಲ ಎದ್ದು ಓಡಾಡಿದೆ.

ನಿನಗೂ ಇದೇ ಕಾಟ ತಾನೇ. ಅಮ್ಮ ಒಂದು ಮಾತ್ರೆ ಮುರಿದು ಇಬ್ಬರ ಬಾಯಿಗೂ ಹಾಕುತ್ತಿದ್ದಳಲ್ಲ, ಅದೇ ಅಭ್ಯಾಸ. ಸ್ಟ್ರಿಪ್ ಅರ್ಧಕ್ಕೆ ಕತ್ತರಿಸಿ ನಿನಗೆ ಅಂಚೆಗೆ ಹಾಕಿದೆ. ಮತ್ತೆ ಹೋದಾಗ ಡಾಕ್ಟರಮ್ಮನಿಗೆ ಹೆಮ್ಮೆಯಿಂದ ಹೇಳಿಯೂ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು. "ನಿಮ್ಮ ತಂಗಿಗೆ ಬಿಪಿ, ಹೃದಯದ ತೊಂದರೆ ಏನಾದ್ರೂ ಇದ್ಯಾ? ಬೇರೆ ಮಾತ್ರೆ ತಗೋತಾರಾ? ಖಿನ್ನತೆಗೆ ಕೊಡೋ ಕೆಲವು ಮಾತ್ರೆಗಳೂ ಸೆರೊಟೋನಿನ್ ಮೇಲೇ ಕೆಲಸ ಮಾಡ್ತವೆ. ಎರಡೂ ಸೇರಿ ಅಪರೂಪಕ್ಕೆ ಅಪಾಯ ಆಗಬಹುದು. ಡಾಕ್ಟರನ್ನ ಕೇಳದೆ ತಗೋಬಾರದು."

"ಅವಳಿಗೆ ಅಂಥದ್ದೇನೂ ಇಲ್ಲ ಡಾಕ್ಟ್ರೇ. ಇದ್ದಿದ್ರೆ ನನಗೆ ಗೊತ್ತಿರ್ತಿರಲಿಲ್ವಾ?" ಅಂದೆ. ಆದರೂ ಹೊರಗೆ ಬಂದವಳೇ ನಿಮ್ಮ ಮನೆಗೆ ಫೋನ್ ಮಾಡಿದೆ. ನೀನು ಕೆಲಸಕ್ಕೆ ಹೋಗಿದ್ದೆ. ನಿಮ್ಮ ಯಜಮಾನರು ಎತ್ತಿದರು. ಪೊಟ್ಟಣ ಬಂದಿದೆ, ಇನ್ನೂ ಒಡೆದಿಲ್ಲ ಅಂದರು. ಹೋದ ಜೀವ ಬಂದಂತಾಯಿತು.

ಆ ಮಾತ್ರೆ ಮುಟ್ಟಬೇಡ. ನಿನ್ನ ತಲೆನೋವಿನ ವಿಷಯ ನಿನ್ನ ಡಾಕ್ಟರಿಗೇ ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ನಿನ್ನ ತಲೆಯೂ ಮನಸ್ಸೂ ತಣ್ಣಗಿರಲಿ.

ನಿನ್ನ
ಅಕ್ಕ

ತಾ.ಕ.: ನಿಮ್ಮ ಯಜಮಾನರು ಇನ್ನೊಂದು ಮಾತೂ ಅಂದರು: "ಅವಳು ಒಂದು ವರ್ಷದಿಂದ ಖಿನ್ನತೆಗೆ ಮಾತ್ರೆ ತಗೋತಿದಾಳಲ್ಲ ಅಕ್ಕ, ನಿಮಗೆ ಹೇಳಿಲ್ವಾ?" "ಹೇಳಿದ್ಲು, ಮರೆತೇಬಿಟ್ಟಿದ್ದೆ" ಅಂದುಬಿಟ್ಟೆ. ಕೋಪವಿಲ್ಲ, ಆದರೆ ತುಂಬ ನೊಂದಿದ್ದೇನೆ. ನನ್ನ ತಲೆನೋವಿನ ಗದ್ದಲದಲ್ಲಿ ನಿನಗೆ ಬಾಯಿ ಬಿಡಲು ಜಾಗವೇ ಸಿಗಲಿಲ್ಲವೇನೇ, ಪುಟ್ಟಿ?